ಪೆಟ್ಟಿಗೆಯ ಒಳಗಿದ್ದ ನಾಬ್ ಹೊರಗೆ ಬಂದ ಕಥೆ



ಗಾಯನ ವೃಂದದ ಗಿಟಾರ್ ವಾದಕರ ಕಾಲ ಬಳಿ ಇರುವ ಪೆಡಲ್ ಹುಟ್ಟಿದ್ದೇ ಒಂದು ಕೆಟ್ಟುಹೋದ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡಿನ ಧ್ವನಿಮುದ್ರಣ ನಡೆಯುವಾಗ ಮಿಕ್ಸರ್ ಕೈಕೊಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಜೇನುನೊಣದಂತೆ ಗುಂಯ್‌ಗುಟ್ಟಿತು. ಅದನ್ನು ಅಳಿಸದೆ ಹಾಗೇ ಬಿಟ್ಟರು. 1961ರಲ್ಲಿ ಹಾಡು ಗೆದ್ದಿತು. ಆ ಸದ್ದನ್ನು ಬೇಕೆಂದಾಗ ಬರಿಸಲು ಎಂಜಿನಿಯರ್ ಗ್ಲೆನ್ ಸ್ನಾಡಿ ಒಂದು ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಅದು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು.

ಮರುವರ್ಷ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಬಗ್ಗೆ ಹೊರಡಿಸಿದ ದಸ್ತಾವೇಜು ಪೈಪ್ ಆರ್ಗನ್‌ಗೆ ಮೊದಲ ಗೌರವ ಕೊಟ್ಟು, ಯೋಗ್ಯವಾದ ಬೇರೆ ವಾದ್ಯಗಳಿಗೂ ಅನುಮತಿಯೊಂದಿಗೆ ಬಾಗಿಲು ತೆರೆಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಎರಡೂ ಒಂದೇ ಕಾಲದವು ಎಂಬುದು ನನಗೆ ಇಷ್ಟ.

ಈಗ ನಾಬ್‌ನ ವಿಷಯ. 1966ರಲ್ಲಿ ಲಂಡನ್‌ನ ಆರ್ಬಿಟರ್ ಕಂಪನಿ ಫಜ್ ಫೇಸ್ ತಂದಿತು. ದುಂಡನೆಯ ತಟ್ಟೆಯಂತಹ ಪೆಡಲ್, ಮೇಲೆ ಎರಡೇ ನಾಬ್, ಒಳಗೆ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್. ಜರ್ಮೇನಿಯಂಗೆ ಬಿಸಿಲು ಆಗದು. ಶಾಖ ಏರಿದಂತೆ ಅದರೊಳಗೆ ಕರೆಂಟ್ ಸೋರಿಕೆ ಹೆಚ್ಚುತ್ತದೆ. 9 ವೋಲ್ಟ್ ಬ್ಯಾಟರಿಯಲ್ಲಿ ಎರಡನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಸುಮಾರು ಅರ್ಧದಲ್ಲಿ, ಅಂದರೆ 4.5 ವೋಲ್ಟ್ ಆಸುಪಾಸಿನಲ್ಲಿ ನಿಂತರೆ ಸದ್ದು ಚೆನ್ನ. ಅದು ಜಾರಿದರೆ ಸ್ವರ ಒಡೆದು, ತುಂಡುತುಂಡಾಗಿ ನಿಲ್ಲುತ್ತದೆ.

ತಾಳವಾಡಿಯ ಚಳಿ ಬೆಳಿಗ್ಗೆ ಸರಿಯಾಗಿ ಹೊಂದಿಸಿದ ಅಂಥ ಪೆಡಲ್ಲನ್ನು ದಿಂಬಂ ಘಾಟಿಯ 27 ತಿರುವು ಇಳಿಸಿ, ಮಟಮಟ ಮಧ್ಯಾಹ್ನ ಸತ್ಯಮಂಗಲದಲ್ಲಿ ನುಡಿಸಿದರೆ ಬೇರೆಯೇ ಸದ್ದು ಬಂದೀತು. ವಾದಕರ ಕೈ ತಪ್ಪಿಲ್ಲ, ಹವೆ ಬದಲಾಗಿದೆ ಅಷ್ಟೇ. ಆದರೆ ಬೈಗುಳ ವಾದಕರಿಗೇ!

ಕಂಪನಿ ಅಲ್ಲಿ ಹಾಕಿದ್ದು 8.2 ಕಿಲೋಓಮ್‌ನ ಬದಲಾಗದ ರೆಸಿಸ್ಟರ್. ಬೆಸುಗೆ ಬಲ್ಲವರು ಅದನ್ನು ಕಿತ್ತು, ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಟ್ರಿಮ್ಮರ್ ಕೂರಿಸಿದರು. ಪ್ರತಿ ಸಲ ತಳ ಬಿಚ್ಚುವುದು ಯಾರಿಗೆ ಬೇಕು? ಪೆಟ್ಟಿಗೆಗೆ ತೂತು ಕೊರೆದು ಎರಡು ತಂತಿ ಎಳೆದು ದೊಡ್ಡ ಪೊಟೆನ್ಶಿಯೋಮೀಟರನ್ನೇ ಹೊರಗೆ ನಿಲ್ಲಿಸಿದರು. ಇಂದು ಹಲವು ಫಜ್ ಪೆಡಲ್‌ಗಳಲ್ಲಿ ಕಾಣುವ 'ಬಯಾಸ್' ನಾಬ್‌ನ ಕೆಲಸ ಇದೇ.

ಕಂಪನಿಗಳೂ ಇದೇ ದಾರಿ ಹಿಡಿದದ್ದುಂಟು. ಎಂಎಕ್ಸ್‌ಆರ್‌ನ ಕಾರ್ಬನ್ ಕಾಪಿ ಎಂಬ ಪ್ರತಿಧ್ವನಿ ಪೆಡಲ್‌ನಲ್ಲಿ ಮಾಡ್ಯುಲೇಶನ್‌ನ ವೇಗ ಮತ್ತು ಅಗಲದ ಟ್ರಿಮ್ಮರ್‌ಗಳು ಒಳಗೆ ಅಡಗಿದ್ದವು. ಮುಂದೆ ಬಂದ ಡೀಲಕ್ಸ್ ಮಾದರಿಯಲ್ಲಿ ಅವು ಹೊರಗಿನ ನಾಬ್‌ಗಳಾದವು.

ನೀವೂ ಕೈಹಾಕುವುದಾದರೆ ಹೊಸ ಪೆಡಲ್ ಬೇಡ, ವಾರಂಟಿ ಹೋಗುತ್ತದೆ. ಹಳೆಯದೊಂದು ಸಾಕು. ಪೊಟೆನ್ಶಿಯೋಮೀಟರ್ ಜೊತೆ ಸರಣಿಯಲ್ಲಿ ಸಣ್ಣ ರೆಸಿಸ್ಟರ್ ಒಂದಿರಲಿ, ನಾಬ್ ಸೊನ್ನೆಗೆ ಬಂದಾಗಲೂ ಸ್ವಲ್ಪ ತಡೆ ಉಳಿಯುತ್ತದೆ. ಡ್ರಿಲ್ ಹಿಡಿಯುವ ಮೊದಲು ಸರ್ಕ್ಯೂಟ್ ಬೋರ್ಡನ್ನು ಪೂರ್ತಿ ಹೊರಗೆ ತೆಗೆದಿಡಿ. ಲೋಹದ ಪುಡಿ ಒಂದು ಚೂರು ಉಳಿದರೂ ಶಾರ್ಟ್ ಆದೀತು.