ಆರ್ಗಾನಿನ ಐಸೊಟೋಪುಗಳು

ಆರ್ಗಾನಿನ ನ್ಯೂಕ್ಲಿಯಸ್ಸಿನಲ್ಲಿ 18 ಪ್ರೋಟಾನುಗಳಿವೆ. ನ್ಯೂಟ್ರಾನುಗಳ ಸಂಖ್ಯೆ ಬದಲಾದಂತೆ ಐಸೊಟೋಪು ಬೇರೆಯಾಗುತ್ತದೆ. ಈವರೆಗೆ ಗೊತ್ತಾಗಿರುವ ಇಪ್ಪತ್ತಕ್ಕೂ ಹೆಚ್ಚು ಐಸೊಟೋಪುಗಳಲ್ಲಿ ಸ್ಥಿರವಾದವು ಮೂರೇ: ಆರ್ಗಾನ್-36, 38 ಮತ್ತು 40. ಗಾಳಿಯಲ್ಲಿರುವ ಆರ್ಗಾನಿನಲ್ಲಿ 40ರ ಪಾಲು ಶೇ. 99.6, 36ರದು ಶೇ. 0.33, 38ರದು ಶೇ. 0.06. ಸೂರ್ಯನಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಆರ್ಗಾನ್-36ರದೇ ಸಿಂಹಪಾಲು. ಆರ್ಗಾನ್-38ರಲ್ಲಿ ನ್ಯೂಕ್ಲಿಯಸ್ಸನ್ನು ಬಿಗಿಯಾಗಿಸುವ ಮಾಂತ್ರಿಕ ಸಂಖ್ಯೆ ಎನಿಸಿಕೊಂಡ 20 ನ್ಯೂಟ್ರಾನುಗಳಿದ್ದರೂ ಗಾಳಿಯಲ್ಲಿ ಮೂರರಲ್ಲಿ ಅದೇ ಅಪರೂಪದ್ದು. ನ್ಯೂಕ್ಲಿಯಸ್ಸು ಬಿಗಿಯಾಗಿದ್ದ ಮಾತ್ರಕ್ಕೆ ಹೇರಳವಾಗಿ ಸಿಗಬೇಕೆಂದಿಲ್ಲ.

ಭೂಮಿಯ ಆರ್ಗಾನ್-40 ಬಹುಪಾಲು ಕಲ್ಲಿನಿಂದ ಹುಟ್ಟಿದ್ದು. ಕಲ್ಲಿನಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ-40ರ ಅರ್ಧಾಯು 125 ಕೋಟಿ ವರ್ಷ. ಕ್ಷಯಿಸುವ ಪ್ರತಿ ನೂರು ಪರಮಾಣುಗಳಲ್ಲಿ ಸುಮಾರು 89 ಕ್ಯಾಲ್ಸಿಯಂ-40 ಆಗುತ್ತವೆ, ಉಳಿದ ಹನ್ನೊಂದು ಎಲೆಕ್ಟ್ರಾನನ್ನು ಸೆರೆಹಿಡಿದು ಆರ್ಗಾನ್-40 ಆಗುತ್ತವೆ. ಇಳಕಲ್ಲ, ಹುನಗುಂದ ಸೀಮೆಯ ಕೆಂಪು ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಧಾರಾಳವಾಗಿದೆ. ಪಾಲಿಶ್ ಮಾಡಿದ ಹಲಗೆಯಲ್ಲಿ ನಸುಗೆಂಪಾಗಿ ಕಾಣುವ ಹರಳುಗಳು ಅವೇ. ಆ ಕಲ್ಲಿನಲ್ಲಿರುವ ಒಂದೊಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸರಾಸರಿ ಮೂರು ಆರ್ಗಾನ್ ಪರಮಾಣುಗಳು ಈಗಲೂ ಹುಟ್ಟುತ್ತಿವೆ. ಆವರ್ತ ಕೋಷ್ಟಕದಲ್ಲಿ ಪೊಟ್ಯಾಸಿಯಂಗಿಂತ ಮುಂಚೆ ಬರುವ ಆರ್ಗಾನ್ ಅದಕ್ಕಿಂತ ಭಾರವಾಗಿರುವುದಕ್ಕೂ (39.95, 39.10) ಇದೇ ಕಾರಣ.

ವಿಕಿರಣಶೀಲ ಐಸೊಟೋಪುಗಳಲ್ಲಿ ನಾಲ್ಕು ಮುಖ್ಯ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಉಂಟುಮಾಡುವ ಆರ್ಗಾನ್-39ರ ಅರ್ಧಾಯು ಸುಮಾರು 269 ವರ್ಷ. ಅದು ಬೀಟಾ ಕಣವನ್ನಷ್ಟೇ ಹೊರಸೂಸುತ್ತದೆ. ಅಂತರ್ಜಲ, ಸಾಗರದ ಆಳದ ನೀರು ಮತ್ತು ಹಿಮಗಡ್ಡೆಗಳ ವಯಸ್ಸನ್ನು ಅಳೆಯಲು ಉಪಯುಕ್ತವಾದರೂ, ದ್ರವ ಆರ್ಗಾನಿನಲ್ಲಿ ಡಾರ್ಕ್ ಮ್ಯಾಟರ್ ಹುಡುಕುವವರಿಗೆ ಅದೇ ಕಾಟ, ಏಕೆಂದರೆ ಗಾಳಿಯಿಂದ ತೆಗೆದ ಪ್ರತಿ ಕಿಲೋ ಆರ್ಗಾನಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕ್ಷಯ ನಡೆಯುತ್ತದೆ. ಆರ್ಗಾನ್-42ಕ್ಕೆ ಸುಮಾರು 33 ವರ್ಷ. ಆರ್ಗಾನ್-37ಕ್ಕೆ 35 ದಿನ. ನೆಲದಡಿಯ ಅಣು ಸ್ಫೋಟದ ನ್ಯೂಟ್ರಾನುಗಳು ಮಣ್ಣಿನ ಕ್ಯಾಲ್ಸಿಯಂಗೆ ಬಡಿದಾಗ ಹುಟ್ಟುವುದರಿಂದ ಗುಟ್ಟಿನ ಪರೀಕ್ಷೆಗಳ ಸುಳಿವನ್ನು ಅದು ಕೊಡುತ್ತದೆ. ಆರ್ಗಾನ್-41ರದು ಕೇವಲ 110 ನಿಮಿಷ. ರಿಯಾಕ್ಟರಿನ ಬಳಿ ಗಾಳಿ ಇದ್ದರೆ ಸಾಕು, ಅದು ಉಂಟಾಗುತ್ತದೆ. ಕಲ್ಪಾಕ್ಕಂನ ಮದ್ರಾಸ್ ಅಣುಸ್ಥಾವರದಲ್ಲಿ ರಿಯಾಕ್ಟರ್ ಪಾತ್ರೆಯ ಸುತ್ತಲಿನ ಕೋಣೆಯಲ್ಲಿ ಗಾಳಿ ಇದ್ದದ್ದರಿಂದ ಅದು ಚಿಮಣಿಯಿಂದ ಹೊರಬೀಳುತ್ತಿತ್ತು. ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ಆ ಕೋಣೆಗೆ ನೀರು ತುಂಬಿದ್ದಾರೆ.

ಈ ಕುಟುಂಬದ ಅತಿ ದೊಡ್ಡ ಉಪಯೋಗ ಬಂಡೆಗಳ ವಯಸ್ಸಿನ ಲೆಕ್ಕ. ಕರಗಿದ ಶಿಲೆಯಲ್ಲಿ ಆರ್ಗಾನ್ ನಿಲ್ಲುವುದಿಲ್ಲ. ಹೆಪ್ಪುಗಟ್ಟಿ ತಣಿದ ಮೇಲೆ ಹುಟ್ಟಿದ್ದು ಹರಳಿನೊಳಗೇ ಸಿಕ್ಕಿಕೊಳ್ಳುತ್ತದೆ. 1960ರ ದಶಕದಲ್ಲಿ ಬಂದ ವಿಧಾನದಲ್ಲಿ ಮಾದರಿಯನ್ನು ರಿಯಾಕ್ಟರಿನಲ್ಲಿಟ್ಟು, ವೇಗದ ನ್ಯೂಟ್ರಾನುಗಳಿಂದ ಪೊಟ್ಯಾಸಿಯಂ-39ರ ಒಂದಂಶವನ್ನು ಆರ್ಗಾನ್-39 ಮಾಡುತ್ತಾರೆ. ಆಮೇಲೆ ಹಂತಹಂತವಾಗಿ ಕಾಯಿಸಿ, ಪ್ರತಿ ಹಂತದಲ್ಲೂ ಹೊರಬಂದ ಅನಿಲದಲ್ಲಿ 40ಕ್ಕೂ 39ಕ್ಕೂ ಇರುವ ಪ್ರಮಾಣವನ್ನು ಅಳೆಯುತ್ತಾರೆ. ಮಾದರಿಗೆ ಗಾಳಿಯ ಆರ್ಗಾನ್ ಎಷ್ಟು ಸೇರಿದೆ ಎಂಬುದನ್ನು ಆರ್ಗಾನ್-36 ತಿಳಿಸುತ್ತದೆ.

ಉದಾಹರಣೆಗೆ, ಬಾಗಲಕೋಟೆ ಸೀಮೆಯ ಕಲಾದಗಿ ಜಲಾನಯನದ ಕಲ್ಲುಗಳ ಕಾಲ ಬಹುದಿನ ಅಂದಾಜಿನಲ್ಲೇ ಇತ್ತು. ಮರಳುಗಲ್ಲು ಹಳೆಯ ಕಣಗಳು ಕೂಡಿ ಆದದ್ದು, ಅದರ ಮೇಲೆ ಈ ವಿಧಾನ ನೇರವಾಗಿ ನಡೆಯುವುದಿಲ್ಲ. ಆದರೆ ಈ ಜಲಾನಯನದ ಬಾಗಲಕೋಟೆ ಗುಂಪಿನ ಪದರಗಳು ಮಡಿಚಿಕೊಂಡಾಗ ಬಿಟ್ಟ ಬಿರುಕುಗಳಲ್ಲಿ ಕರಿಯ ಅಗ್ನಿಶಿಲೆ ನುಗ್ಗಿ ಡೈಕ್ ಆಗಿ ನಿಂತಿದೆ. ಮಲ್ಲಾಪುರದ ಹೆಸರಿನಲ್ಲಿ ಕರೆಯುವ ಈ ಶಿಲೆಯ ವಯಸ್ಸು 115.4 ಕೋಟಿ ವರ್ಷ (40 ಲಕ್ಷ ವರ್ಷ ಹೆಚ್ಚು ಇಲ್ಲವೇ ಕಡಿಮೆ ಇರಬಹುದು) ಎಂದು ಇದೇ ವಿಧಾನದಿಂದ ಅಳೆದು ಪಿಳ್ಳೈ, ಪಾಂಡೆ ಮತ್ತು ಕಾಳೆ ಅವರು 2018ರಲ್ಲಿ ಪ್ರಕಟಿಸಿದರು. ಹಾಗಾಗಿ ಬಾಗಲಕೋಟೆ ಗುಂಪು ಅದಕ್ಕಿಂತ ಹಳೆಯದು. ಆ ಮಡಿಕೆಗಳ ಮೇಲೆ ಮಟ್ಟಸವಾಗಿ ಕೂತಿರುವ, ಚಾಲುಕ್ಯರು ಗುಹೆಗಳನ್ನು ಕೊರೆದ ಬಾದಾಮಿಯ ಮರಳುಗಲ್ಲು ಮಡಿಕೆ ಬಿದ್ದ ನಂತರದ್ದು.