ಎರಡನೆಯ ಭಾಷೆ ಮತ್ತು ತರಗತಿಯ ಮೌನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ವಿದ್ಯಾರ್ಥಿಗಳು ಇಂಗ್ಲಿಷ್ ತರಗತಿಯಲ್ಲಿ ಬಾಯಿಬಿಡುವುದಿಲ್ಲವೆಂಬುದು ಅಧ್ಯಾಪಕವರ್ಗದಲ್ಲಿ ಆಗಾಗ ಕೇಳಿಬರುವ ಮಾತು. ಇದನ್ನು ಹಳ್ಳಿಯ ಹುಡುಗರ ಸಹಜ ಸಂಕೋಚವೆಂದು ಬಗೆದು ಸುಮ್ಮನಾಗುವುದು ವಾಡಿಕೆ. ಆದರೆ ಈ ಮೌನಕ್ಕೂ ಒಂದು ಇತಿಹಾಸವಿದೆಯೆಂದು ನಮಗೆ ತೋರುತ್ತದೆ.

1838ರಲ್ಲಿ ಏರ್ಪಟ್ಟ ಸೊಲ್ಲಾಪುರ ಕಲೆಕ್ಟರೇಟಿನಲ್ಲಿ ಇಂಡಿ, ಹಿಪ್ಪರಗಿ, ಮುದ್ದೇಬಿಹಾಳಗಳು ಸೇರಿದ್ದವು. ಜನರ ನುಡಿ ಕನ್ನಡ; ಕಚೇರಿಯ ದಫ್ತರ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. 1864ರಲ್ಲಿ ಕಲಾದಗಿ ಜಿಲ್ಲೆ ರೂಪುಗೊಂಡು ಈ ಭಾಗಗಳು ಅದರಲ್ಲಿ ಸೇರಿದ ಮೇಲೂ ಮರಾಠಿಯ ಹಿಡಿತ ಒಮ್ಮೆಲೇ ಸಡಿಲಲಿಲ್ಲ. ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳು ನೆಲೆನಿಂತದ್ದರಲ್ಲಿ ವಿದ್ಯಾಧಿಕಾರಿ ರಸೆಲ್ ಹಾಗೂ 1881ರಲ್ಲಿ ತೀರಿಕೊಂಡ ಡೆಪ್ಯುಟಿ ಚೆನ್ನಬಸಪ್ಪನವರ ಪರಿಶ್ರಮ ದೊಡ್ಡದು. ಅದಕ್ಕೆ ಮುಂಚೆ ಮರಾಠಿ ಶಾಲೆಯಲ್ಲಿ ಕುಳಿತ ಕನ್ನಡ ಹುಡುಗನು ತಿಳಿಯದ ಭಾಷೆಯಲ್ಲಿ ಪ್ರಶ್ನೆ ಕೇಳುವುದಾದರೂ ಹೇಗೆ? ಕಂಠಪಾಠವೇ ಸುರಕ್ಷಿತ ಮಾರ್ಗ. ಒಕ್ಕೊರಲಿನಿಂದ ಒಪ್ಪಿಸುವಾಗ ಒಬ್ಬನ ತಪ್ಪು ಉಳಿದವರ ದನಿಯಲ್ಲಿ ಮುಚ್ಚಿಹೋಗುತ್ತದೆ.

ಅದೇ ಜನ ಸೊಲ್ಲಾಪುರದ ಪೇಟೆಯಲ್ಲಿ, ಪಂಢರಪುರದ ಯಾತ್ರೆಯಲ್ಲಿ ಮರಾಠಿಯನ್ನೂ, ವಿಜಯಪುರದ ಬಜಾರಿನಲ್ಲಿ ದಖನಿಯನ್ನೂ ನಿರಾತಂಕವಾಗಿ ಆಡುತ್ತ ಬಂದಿದ್ದಾರೆಂಬುದನ್ನು ಇಲ್ಲಿ ಗಮನಿಸಬೇಕು. ಜೋಳದ ದರ ಕುದುರಿಸುವವನು ಲಿಂಗ-ವಚನ ತಪ್ಪಿದನೆಂದು ವ್ಯಾಪಾರ ಮುರಿಯುವುದಿಲ್ಲ. ಎದುರಿನವನು ಅರ್ಥ ಹಿಡಿದು ಉತ್ತರಿಸುತ್ತಾನೆ, ಆ ಉತ್ತರದಲ್ಲಿಯೇ ಸರಿಯಾದ ರೂಪ ಕಿವಿಗೆ ಬೀಳುತ್ತದೆ. ತರಗತಿಯಲ್ಲಿಯಾದರೋ ತಪ್ಪಿದವನ ಅಂಕ ಹೋಗುತ್ತದೆ, ಹತ್ತು ಜನರೆದುರು ಮಾನವೂ ಹೋಗುತ್ತದೆ. ಆದುದರಿಂದ ಪರಭಾಷೆಯನ್ನಾಡುವ ಎದೆಗಾರಿಕೆ ಈ ಸೀಮೆಯವರಿಗಿಲ್ಲವೆನ್ನುವುದು ಸಲ್ಲದು.

ಮರಾಠಿ ತೆರವು ಮಾಡಿದ ಗದ್ದುಗೆಯನ್ನು ಇಂಗ್ಲಿಷು ಏರಿತು. ಅದಕ್ಕೆ ಸಂತೆಯ ಆಸರೆ ಮಾತ್ರ ಇರಲಿಲ್ಲ. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರವು ಇಂಗ್ಲಿಷ್ ಬೋಧನೆಯನ್ನು 8ನೆಯ ಇಯತ್ತೆಗೆ ಸರಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 2007ರಿಂದ ಸರಕಾರಿ ಶಾಲೆಗಳಲ್ಲಿ 1ನೆಯ ತರಗತಿಯಿಂದಲೇ ಇಂಗ್ಲಿಷು ಬಂದಿತು. ಯಾವ ತರಗತಿಯಿಂದ ಎಂಬ ವಾದಕ್ಕೆ ಸಂದ ಗಮನವು, ತರಗತಿಯೊಳಗೆ ಮಾತಾಡುವವರು ಯಾರೆಂಬುದಕ್ಕೆ ಸಲ್ಲಲಿಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಪ್ರಯತ್ನವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರ ವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ವ್ಯಾಕರಣಪಾಠವನ್ನು ಬದಿಗಿಟ್ಟು, ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವುಗಳ ಮೇಲೆ ಸಮಸ್ಯೆಗಳನ್ನು ಕೊಟ್ಟು ಇಂಗ್ಲಿಷು ಕಲಿಸಿದರು. ಮೊದಲು ಅಂಥದೇ ಒಂದು ಸಮಸ್ಯೆಯನ್ನು ಅಧ್ಯಾಪಕನು ಇಡೀ ತರಗತಿಯೊಡನೆ ಮಾತಾಡುತ್ತ ಬಿಡಿಸುವನು. ಅನಂತರ ಒಬ್ಬೊಬ್ಬ ವಿದ್ಯಾರ್ಥಿಯೂ ತಾನೇ ಬಿಡಿಸುವನು. ಒಂದೇ ಪದದ ಉತ್ತರವೂ, ಬೇಕಾದಾಗ ತಾಯ್ನುಡಿಯೂ ಅಲ್ಲಿ ಸಲ್ಲುತ್ತಿದ್ದವು. ನಮ್ಮ ದೃಷ್ಟಿಯಲ್ಲಿ ಇದು ಸಂತೆಯ ನ್ಯಾಯವೇ ಶಾಲೆಗೆ ಬಂದಂತೆ.

ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳುಳ್ಳ ಹೊಟಗಿ-ಗದಗ ಮಾರ್ಗದ ವೇಳಾಪಟ್ಟಿ ಇಂಥ ಪಾಠಕ್ಕೆ ಸುಲಭವಾಗಿ ಒದಗುವ ಸಾಮಗ್ರಿ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲಿಲ್ಲ. ಅಲ್ಲಿ ಬಸ್ ನಿಲ್ದಾಣದ ಹಲಗೆಯೇ ಸಾಕು.