ಫಿಂಚ್ ಮರಿಯ ಬಣ್ಣಕ್ಕೆ ದುಡ್ಡು ಕೊಡುವ ಮುನ್ನ ಅಪ್ಪ-ಅಮ್ಮನನ್ನು ನೋಡಿ!

ಹೈದರಾಬಾದ್: ಚಾರ್‌ಮಿನಾರ್ ಸಮೀಪದ ಮುರ್ಗಿ ಚೌಕ್‌ನಂತಹ ಹಕ್ಕಿ ಮಾರುಕಟ್ಟೆಗೆ ಹೋದರೆ ಬಣ್ಣಬಣ್ಣದ ಪುಟ್ಟ ಹಕ್ಕಿಗಳು ಕಣ್ಣು ಸೆಳೆಯುತ್ತವೆ. ಅಪರೂಪದ ಬಣ್ಣ ಎಂದರೆ ಬೆಲೆಯೂ ಜಾಸ್ತಿ. ಆದರೆ ಮರಿಯನ್ನಷ್ಟೇ ನೋಡಿ ಅದರ ಬಣ್ಣದ ಗುಟ್ಟು ಹೇಳಲು ಸಾಧ್ಯವೇ? ಸಾಕುವವರಿಗೆ ಹೆಚ್ಚು ಪರಿಚಿತವಾದ ಝೀಬ್ರಾ ಫಿಂಚ್ ಉದಾಹರಣೆಯೊಂದಿಗೆ ಇಲ್ಲಿದೆ ಮಾಹಿತಿ.

ಮರಿ ಮೋಸ ಮಾಡುವುದೇಕೆ?

ಆಸ್ಟ್ರೇಲಿಯಾ ಮೂಲದ ಈ ಹಕ್ಕಿಯ ಸಹಜ ಬಣ್ಣ ಬೂದು. ಮರಿಗಳು ಸುಮಾರು 3 ವಾರಕ್ಕೆ ಗೂಡು ಬಿಡುತ್ತವೆ. ಆಗ ಬೂದು ಮರಿಗಳ ಕೊಕ್ಕು ಕಪ್ಪಗಿರುತ್ತದೆ, ಗಂಡು-ಹೆಣ್ಣು ಒಂದೇ ರೀತಿ ಕಾಣುತ್ತವೆ. ಗಂಡಿನ ಕಿತ್ತಳೆ ಕೆನ್ನೆ, ಎದೆಯ ಪಟ್ಟೆಗಳು ಪೂರ್ತಿ ಮೂಡಲು ಸುಮಾರು 3 ತಿಂಗಳು ಬೇಕು.

ಹಕ್ಕಿಗಳಲ್ಲಿ ಲೆಕ್ಕ ತಿರುಗುಮುರುಗು

ಮನುಷ್ಯರಲ್ಲಿ ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯಿಂದ, ಹಕ್ಕಿಗಳಲ್ಲಿ ತಾಯಿಯಿಂದ. ಗಂಡಿಗೆ ಎರಡು 'ಝಡ್' ವರ್ಣತಂತು, ಹೆಣ್ಣಿಗೆ ಒಂದು 'ಝಡ್', ಒಂದು 'ಡಬ್ಲ್ಯು'. ಕಪ್ಪು ವರ್ಣದ್ರವ್ಯವನ್ನು ಕಂದು ಮಾಡುವ 'ಫಾನ್' ಎಂಬ ಬದಲಾವಣೆ ಇರುವುದು ಝಡ್ ಮೇಲೆ. ಹೆಣ್ಣಿಗೆ ಒಂದೇ ಝಡ್ ಇರುವುದರಿಂದ ಫಾನ್ ಬಂದರೆ ಬಣ್ಣದಲ್ಲಿ ಕಂಡೇ ಕಾಣುತ್ತದೆ. ಗಂಡಿನಲ್ಲಿ ಎರಡೂ ಝಡ್‌ನಲ್ಲಿದ್ದರೆ ಮಾತ್ರ ಕಾಣುತ್ತದೆ; ಒಂದರಲ್ಲಿದ್ದರೆ ಅಡಗಿರುತ್ತದೆ. ಇಂಥ ಗಂಡನ್ನು ಸಾಕುವವರು 'ಸ್ಪ್ಲಿಟ್' ಎನ್ನುತ್ತಾರೆ.

ಯಾವ ಜೋಡಿಗೆ ಎಂಥ ಮರಿ?

* ಫಾನ್ ಗಂಡು, ಬೂದು ಹೆಣ್ಣು: ಫಾನ್ ಮರಿಗಳೆಲ್ಲ ಹೆಣ್ಣು, ಬೂದು ಮರಿಗಳೆಲ್ಲ ಸ್ಪ್ಲಿಟ್ ಗಂಡು. ಅಪ್ಪ-ಅಮ್ಮ ಖಚಿತವಿದ್ದರೆ ಗರಿ ಮೂಡಿದ ಕೂಡಲೇ ಲಿಂಗ ಹೇಳಬಹುದು.
* ಬೂದು ಗಂಡು, ಫಾನ್ ಹೆಣ್ಣು: ಗಂಡು ಸ್ಪ್ಲಿಟ್ ಅಲ್ಲದಿದ್ದರೆ ಎಲ್ಲ ಮರಿಗಳೂ ಬೂದು. ಗಂಡು ಮರಿಗಳೆಲ್ಲ ಸ್ಪ್ಲಿಟ್.
* ಸ್ಪ್ಲಿಟ್ ಗಂಡು, ಬೂದು ಹೆಣ್ಣು: ಹೆಣ್ಣು ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಫಾನ್.

ಬಿಳಿ ಬಣ್ಣದ್ದು ಬೇರೆಯೇ ಲೆಕ್ಕ. ಇದಕ್ಕೆ ಅಪ್ಪ-ಅಮ್ಮ ಇಬ್ಬರಿಂದಲೂ ವಂಶವಾಹಿ ಬರಬೇಕು. ಹೀಗಾಗಿ ಎರಡು ಬೂದು ಹಕ್ಕಿಗಳಿಗೂ ಬಿಳಿ ಮರಿ ಹುಟ್ಟಬಹುದು. ಜುಟ್ಟಿನ ಹಕ್ಕಿಗಳಲ್ಲಿ ಮಾತ್ರ ಎಚ್ಚರ: ಜುಟ್ಟಿರುವ ಎರಡನ್ನು ಜೋಡಿ ಮಾಡಿದರೆ ಸರಾಸರಿ ನಾಲ್ಕರಲ್ಲೊಂದು ಭ್ರೂಣ ಉಳಿಯುವುದಿಲ್ಲ.

ಗರಿಯ ಪರೀಕ್ಷೆ ಏನು ಹೇಳುತ್ತದೆ?

ಗರಿಯಿಂದ ಮಾಡುವ ಸಾಮಾನ್ಯ ಡಿಎನ್‌ಎ ಪರೀಕ್ಷೆ ಗಂಡೋ ಹೆಣ್ಣೋ ಎಂದಷ್ಟೇ ಹೇಳುತ್ತದೆ, ಅಡಗಿರುವ ಬಣ್ಣವನ್ನಲ್ಲ. ಅದಕ್ಕೆ ಗೂಡಿನ ದಾಖಲೆಯೇ ಆಧಾರ. ಕಾಲಿಗೆ ಉಂಗುರ ಹಾಕಿ, ಅಪ್ಪ-ಅಮ್ಮ, ಹುಟ್ಟಿದ ದಿನ ಬರೆದಿಡಿ.

ಬಣ್ಣ ಬಳಿದ ಹಕ್ಕಿ ಇರಬಹುದು, ಹುಷಾರ್!

ದೇಶಿ ಮುನಿಯಾ ಹಕ್ಕಿಗಳಿಗೆ ಬಣ್ಣ ಬಳಿದು ವಿದೇಶಿ ಹಕ್ಕಿ ಎಂದು ಮಾರುವ ದಂಧೆ ದೇಶದ ಹಲವು ಮಾರುಕಟ್ಟೆಗಳಲ್ಲಿ ನಡೆದಿದೆ. ಬಳಿದ ಬಣ್ಣ ಗರಿ ಉದುರಿ ಹೊಸದು ಬಂದಾಗ ಮಾಯವಾಗುತ್ತದೆ. ವಂಶವಾಹಿಯ ಬಣ್ಣ ಮತ್ತೆ ಮೂಡುತ್ತದೆ. ಕನ್ನಡದಲ್ಲಿ ರಾಟವಾಳ ಎನ್ನುವ ಈ ಮುನಿಯಾಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಂಥ ಪ್ರಕರಣಗಳಲ್ಲಿ ಪ್ರಾಣಿ-ಪಕ್ಷಿಯ ಪ್ರಭೇದವನ್ನು ಡಿಎನ್‌ಎಯಿಂದ ಪತ್ತೆ ಹಚ್ಚುವ ಲಾಕೋನ್ಸ್ ಪ್ರಯೋಗಾಲಯ ಇರುವುದೂ ಹೈದರಾಬಾದ್‌ನಲ್ಲೇ. ಅದು ಸಿಸಿಎಂಬಿಯ ಭಾಗ.

ಹಾಗಾಗಿ ಮರಿ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಬೆಲೆಯನ್ನಲ್ಲ, ಇದರ ಅಪ್ಪ-ಅಮ್ಮ ಎಲ್ಲಿ ಎಂದು. ತೋರಿಸಲು ಒಪ್ಪದಿದ್ದರೆ ಬಣ್ಣಕ್ಕೆಂದು ಹೆಚ್ಚುವರಿ ಹಣ ಕೊಡಬೇಡಿ.